ಅರವತ್ತನಾಲ್ಕರಲ್ಲಿ ಹಿಡಿಸದ ಮೂರನೇ ಪಂಕ್ತಿ

ಮನುಷ್ಯನಿಗೆ ತಾನು ಮಾಡುವ ಕೆಲಸದ ಮೇಲೆ ಸ್ವಲ್ಪ ಗರ್ವ ಇರಬೇಕು. ಆದರೆ ಪೇಟೆಗೆ ಹೋಗುವಾಗ ಅದನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಒಳ್ಳೆಯದು. ಇದು ನನಗೆ ಅರ್ಥವಾಗಲು ಐವತ್ತಾರು ವರ್ಷ ಮತ್ತು ಒಂದು ಪೆನ್‌ಡ್ರೈವ್ ಬೇಕಾಯಿತು. ನಾನು ಕಡಬದ ಒಂದು ಅಡಿಕೆ ಖರೀದಿ ಕೇಂದ್ರದಲ್ಲಿ ತೂಕ ಮಾಡುವವ. ಇಪ್ಪತ್ತೆಂಟು ವರ್ಷಗಳಿಂದ ನನ್ನ ಕಣ್ಣು ತಕ್ಕಡಿಯ ಮೇಲೆ, ಅಡಿಕೆ ತಂದವರ ಕಣ್ಣು ನನ್ನ ಮೇಲೆ. ಊರಿನಲ್ಲಿ ಸದಾಶಿವ ಎಂದರೆ ಯಾರು ಎಂದು ಕೇಳಿಯಾರು, ತೂಕದ ಸದಾಶಿವ ಎಂದರೆ ರಾಮಕುಂಜದಿಂದ ಇಚಿಲಂಪಾಡಿಯವರೆಗೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಈ ಅಭ್ಯಾಸ ಮನೆಗೂ ಬಂದುಬಿಟ್ಟಿದೆ. ಹಿಟ್ಟಿನ ಪಾತ್ರೆಯನ್ನು ಒಮ್ಮೆ ನೋಡಿದರೆ ಸಾಕು, ಎಷ್ಟು ದೋಸೆಯಾಗುತ್ತದೆ ಎಂದು ಹೇಳಬಲ್ಲೆ. ಹೇಳಿಯೂ ಹೇಳುತ್ತೇನೆ. "ಎಷ್ಟಾಗ್ತದೆ ಅಂತ ಹೇಳುದು ಬೇಡ, ಎರಡು ಹೊಯ್ದು ಕೊಡಿ" ಎನ್ನುತ್ತಾಳೆ ನನ್ನ ಹೆಂಡತಿ ಸರೋಜ. ಅವಳಿಗೆ ಲೆಕ್ಕದಲ್ಲಿ ಆಸಕ್ತಿ ಇಲ್ಲ, ದೋಸೆಯಲ್ಲಿ ಉಂಟು.

ಕಳೆದ ಬೇಸಗೆಯಲ್ಲಿ ನಮ್ಮ ಮಗಳು ಪವಿತ್ರಳ ಮದುವೆಯಾಯಿತು. ಗಂಡಿನ ಕಡೆ ಸುಳ್ಯದವರು, ಒಳ್ಳೆಯ ಜನ. ಮದುವೆಯ ಬಗ್ಗೆ ಬರೆಯಲು ಕುಳಿತರೆ ಅದೇ ಒಂದು ಪುಸ್ತಕವಾದೀತು. ನಾನು ಹೇಳಬೇಕಾದದ್ದು ಮದುವೆಯ ವಿಡಿಯೋದ ಕಥೆ. ನಮ್ಮ ಕಡೆಯ ಮದುವೆ ವಿಡಿಯೋಗಳನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅದರಲ್ಲಿ ಧಾರೆ ಮುಖ್ಯವಲ್ಲ, ಊಟ ಮುಖ್ಯ. ಕ್ಯಾಮೆರಾದವನು ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತಾನೆ, ಒಬ್ಬೊಬ್ಬರ ಮುಂದೆಯೂ ಅರೆಗಳಿಗೆ ನಿಲ್ಲುತ್ತಾನೆ. ಬಾಯಿಗೆ ಹೋಗುತ್ತಿದ್ದ ಹೋಳಿಗೆ ಅರ್ಧದಲ್ಲಿ ನಿಲ್ಲುತ್ತದೆ, ಗಂಡಸರು ಮೀಸೆ ಒರೆಸಿಕೊಳ್ಳುತ್ತಾರೆ, ಹೆಂಗಸರು ಸೆರಗು ಸರಿಪಡಿಸಿಕೊಂಡು ಎಲೆಯನ್ನೇ ನೋಡುತ್ತಾರೆ. ಮುಂದೆ ವಿಡಿಯೋ ಬಂದಾಗ ಪ್ರತಿಯೊಬ್ಬರೂ ಹುಡುಕುವುದು ಮದುಮಗಳನ್ನಲ್ಲ, ತಮ್ಮ ಎಲೆಯನ್ನು. ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಮದುವೆಯ ಕ್ಯಾಸೆಟ್ಟಿನಲ್ಲಿ ತನ್ನ ಮುಖದ ಬದಲು ಕಂಬ ಬಂದಿತ್ತೆಂದು ನನ್ನ ಚಿಕ್ಕಪ್ಪ ಇವತ್ತಿಗೂ ಆ ಮನೆಗೆ ಹೋಗುವುದಿಲ್ಲ.

ವಿಡಿಯೋ ಮಾಡಿದವರು ಪುತ್ತೂರಿನ ಒಂದು ಸ್ಟುಡಿಯೋದವರು. ಗಂಡ ತೆಗೆಯುವುದು, ಹೆಂಡತಿ ಶಶಿಕಲಾ ಕಂಪ್ಯೂಟರಿನಲ್ಲಿ ಅದನ್ನು ಕತ್ತರಿಸಿ ಜೋಡಿಸುವುದು. ಮದುವೆಯಾಗಿ ತಿಂಗಳೆರಡು ಕಳೆದ ಮೇಲೆ ಶಶಿಕಲಾ ಫೋನ್ ಮಾಡಿದರು. "ಅಣ್ಣಾ, ರೆಡಿ ಆಯ್ತು. ಫೋಟೋ ವಿಡಿಯೋ ಎಲ್ಲ ಸೇರಿ ಅರವತ್ತೆರಡು ಜಿಬಿ ಉಂಟು. ನೂರ ಇಪ್ಪತ್ತೆಂಟರ ಒಂದು ಪೆನ್‌ಡ್ರೈವ್ ತನ್ನಿ."

ಅರವತ್ತೆರಡಕ್ಕೆ ನೂರ ಇಪ್ಪತ್ತೆಂಟು! ನನ್ನೊಳಗಿನ ತಕ್ಕಡಿ ಎದ್ದು ಕುಳಿತಿತು. ಅರವತ್ತೆರಡು ಕಿಲೋ ಅಡಿಕೆ ತುಂಬಲು ಎರಡು ಗೋಣಿ ತರುವವನನ್ನು ನಾವು ಏನೆಂದು ಕರೆಯುತ್ತೇವೆ? ನಾನು ಕಡಬದಲ್ಲಿ ಹಮೀದಾಕನ ಮೊಬೈಲ್ ಅಂಗಡಿಗೆ ಹೋದೆ. ಹಮೀದಾಕ ಹತ್ತೊಂಬತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದು ಈ ಅಂಗಡಿ ಇಟ್ಟವರು. ಸ್ವಲ್ಪ ತೋಟವೂ ಇದೆ, ಅದರ ಅಡಿಕೆ ಬರುವುದು ನನ್ನ ತಕ್ಕಡಿಗೇ. ಅವರು ಎರಡು ಪೆನ್‌ಡ್ರೈವ್ ಮುಂದಿಟ್ಟರು. ನಾನು ಅರವತ್ತನಾಲ್ಕು ಎಂದು ಬರೆದದ್ದನ್ನು ಎತ್ತಿಕೊಂಡೆ. "ಎಷ್ಟು ಹಾಕ್ಲಿಕ್ಕುಂಟು?" ಎಂದು ಕೇಳಿದರು. ಅರವತ್ತೆರಡು ಎಂದೆ. "ಹಾಗಾದ್ರೆ ದೊಡ್ಡದು ತಕ್ಕೊಳ್ಳಿ ಸದಾಶಿವಣ್ಣ" ಎಂದರು. ನಾನು ನಕ್ಕೆ. ವ್ಯಾಪಾರಿಯ ಬಾಯಲ್ಲಿ ಚಿಕ್ಕದು ತಕ್ಕೊಳ್ಳಿ ಎಂಬ ಮಾತು ಬಂದದ್ದನ್ನು ಯಾರಾದರೂ ಕೇಳಿದ್ದೀರಾ? "ಅರವತ್ತನಾಲ್ಕು ಅಂದ್ರೆ ಅರವತ್ತನಾಲ್ಕೇ ಅಲ್ವಾ ಹಮೀದಾಕ? ಎರಡು ಉಳೀತದೆ" ಎಂದು ಹೇಳಿ ಜೇಬಿಗಿಳಿಸಿದೆ. ಉಳಿಯುವ ಎರಡರಲ್ಲಿ ಏನು ಹಾಕಿಸಲಿ ಎಂದು ಬಸ್ಸಿನಲ್ಲಿ ಉಪ್ಪಿನಂಗಡಿ ದಾಟುವವರೆಗೂ ಯೋಚಿಸುತ್ತಿದ್ದೆ.

ಶಶಿಕಲಾ ಅದನ್ನು ಕಂಪ್ಯೂಟರಿಗೆ ಚುಚ್ಚಿದರು. ಪರದೆಯ ಮೇಲೆ ಐವತ್ತೊಂಬತ್ತು ಬಿಂದು ಆರು ಎಂದು ಬಂತು. "ಹಿಡಿಸುದಿಲ್ಲ ಅಣ್ಣಾ" ಎಂದರು. ನಾನು ಕನ್ನಡಕ ಒರೆಸಿ ನೋಡಿದೆ. ಪೆನ್‌ಡ್ರೈವಿನ ಬೆನ್ನ ಮೇಲೆ ಅರವತ್ತನಾಲ್ಕು, ಹೊಟ್ಟೆಯೊಳಗೆ ಐವತ್ತೊಂಬತ್ತು ಚಿಲ್ಲರೆ. ಹೊಚ್ಚ ಹೊಸದು, ಒಂದು ಅಕ್ಷರವನ್ನೂ ಹಾಕಿಲ್ಲ. ನಾಲ್ಕೂವರೆ ಎಲ್ಲಿಗೆ ಹೋಯಿತು? "ಅದು ಹಾಗೆಯೇ ಬರುದು ಅಣ್ಣಾ, ಎಲ್ಲ ಕಂಪನಿಯದ್ದೂ ಹಾಗೆಯೇ" ಎಂದರು ಶಶಿಕಲಾ, ಮಳೆಗಾಲದಲ್ಲಿ ಮಳೆ ಬರುತ್ತದೆ ಎನ್ನುವಷ್ಟು ಸಹಜವಾಗಿ. "ಎದುರಿನ ಅಂಗಡಿಯಿಂದ ಸಣ್ಣದೊಂದು ತನ್ನಿ, ಉಳಿದದ್ದನ್ನು ಅದಕ್ಕೆ ಹಾಕಿ ಕೊಡ್ತೇನೆ."

ಅಷ್ಟು ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ರಸ್ತೆ ದಾಟಿದರೆ ಅಂಗಡಿ. ಆದರೆ ಇನ್ನೊಂದನ್ನು ತಂದರೆ ಅರವತ್ತನಾಲ್ಕು ಎಂದರೆ ಅರವತ್ತನಾಲ್ಕಲ್ಲ ಎಂದು ನಾನು ಒಪ್ಪಿಕೊಂಡ ಹಾಗೆ. ಜಗತ್ತಿನ ಯಾವ ತೂಕದವನೂ ಅದನ್ನು ಒಪ್ಪಲಾರ. "ಎಂತದಾದ್ರೂ ಒಂದನ್ನು ಬಿಡುವ" ಎಂದೆ. ಶಶಿಕಲಾ ನನ್ನ ಮುಖ ನೋಡಿ, ಮದುವೆಯ ಎಲ್ಲ ಭಾಗಗಳನ್ನೂ ಪರದೆಯ ಮೇಲೆ ತೋರಿಸಿದರು. ಮದರಂಗಿ, ಧಾರೆ, ಸ್ಟೇಜ್, ಊಟ ಒಂದು, ಊಟ ಎರಡು, ಊಟ ಮೂರು. ನಾನು ನ್ಯಾಯಾಧೀಶನ ಹಾಗೆ ಕುರ್ಚಿಯಲ್ಲಿ ಸರಿಯಾಗಿ ಕುಳಿತೆ. ಧಾರೆಯನ್ನು ಬಿಡುವ ಹಾಗಿಲ್ಲ. ಸ್ಟೇಜ್ ಬಿಟ್ಟರೆ ಉಡುಗೊರೆ ಕೊಟ್ಟವರು ಸುಮ್ಮನಿರುವುದಿಲ್ಲ. ಮೊದಲನೆಯ ಪಂಕ್ತಿಯಲ್ಲಿ ಗಂಡಿನ ಕಡೆಯವರು. ಅದನ್ನು ಮುಟ್ಟಿದರೆ ಮಗಳು ಸುಳ್ಯದಲ್ಲಿ ಬಾಳಬೇಕಲ್ಲ. ಎರಡನೆಯದರಲ್ಲಿ ಊರವರು, ಹಮೀದಾಕ, ಮತ್ತು ಕಂಬದ ಚಿಕ್ಕಪ್ಪ. ಮೂರನೆಯದು? ಅದು ನಮ್ಮ ಮನೆಯವರ ಪಂಕ್ತಿ. ಬಡಿಸಿದವರು, ಎಲೆ ತೆಗೆದವರು, ಬೆಳಗಿನಿಂದ ಓಡಾಡಿದವರು ಕೊನೆಗೆ ಕುಳಿತು ಉಣ್ಣುವುದು. ನಮ್ಮವರು ತಾನೇ, ಯಾರು ಕೇಳುತ್ತಾರೆ? ಆ ಭಾಗವೊಂದೇ ಎರಡೂಮುಕ್ಕಾಲು ಜಿಬಿ ತೂಗುತ್ತಿತ್ತು. ತೆಗೆದರೆ ಉಳಿದದ್ದು ಸರಿಯಾಗಿ ಹಿಡಿಸುತ್ತದೆ. "ಊಟ ಮೂರು ಬೇಡ" ಎಂದೆ. "ಯೋಚನೆ ಮಾಡಿ ಅಣ್ಣಾ. ನಮಗೂ ಜಾಗ ಇಲ್ಲ, ಒಂದು ತಿಂಗಳು ಇಟ್ಟು ಆಮೇಲೆ ಎಲ್ಲ ಅಳಿಸುದು" ಎಂದರು. ಯೋಚನೆ ಮಾಡುವುದಕ್ಕೇನಿದೆ ಎಂದು ಹೇಳಿ ಬಂದೆ.

ಆ ವಾರವೇ ಹಮೀದಾಕ ಆರು ಗೋಣಿ ಅಡಿಕೆ ತಂದರು. ನಾನು ಕಾಯುತ್ತಿದ್ದೆ. "ಹಮೀದಾಕ, ನೀವು ಕೊಟ್ಟದ್ದರಲ್ಲಿ ನಾಲ್ಕೂವರೆ ಕಡಿಮೆ ಉಂಟು" ಎಂದೆ. ಅವರು ಗೋಣಿಯ ಮೇಲೆ ಕುಳಿತು ನಗಲು ಶುರುಮಾಡಿದರು. ನಕ್ಕು ಮುಗಿದ ಮೇಲೆ, "ಈ ಗೋಣಿ ಎಷ್ಟು ತೂಗ್ತದೆ ನೋಡಿ" ಎಂದರು. ಅರವತ್ತೈದೂವರೆ. "ನೀವು ಎಷ್ಟು ಬರೀತೀರಿ?" ಅರವತ್ತನಾಲ್ಕೂವರೆ, ಗೋಣಿಯದ್ದು ಒಂದು ಕಿಲೋ ಕಳೆಯುವುದು ಕ್ರಮ. "ಆ ಒಂದು ಕಿಲೋವನ್ನು ನಾನೇ ಅಲ್ವಾ ಹೊತ್ತು ತಂದದ್ದು? ಇಷ್ಟು ವರ್ಷ ನೀವು ಕಳೀತಾ ಬಂದ್ರಿ, ನಾನು ಒಂದು ದಿನ ಕೇಳಿದ್ದುಂಟಾ ಎಲ್ಲಿಗೆ ಹೋಯ್ತು ಅಂತ?" ಅದು ಗೋಣಿ, ಅಡಿಕೆಯಲ್ಲ ಎಂದೆ. "ಮೊಬೈಲಿನಲ್ಲಿಯೂ ಹಾಗೆಯೇ ಮಾರಾಯ್ರೆ. ಅದು ನಡೀಲಿಕ್ಕೆ ಬೇಕಾದ್ದೆಲ್ಲ ಮೊದಲೇ ಒಳಗೆ ಕೂತಿರ್ತದೆ. ಬಾಡಿಗೆ ಮನೆಗೆ ಹೋದ್ರೆ ಯಜಮಾನನ ಮಂಚ ಕಪಾಟು ಅಲ್ಲೇ ಇರ್ತದಲ್ವಾ, ಹಾಗೆ. ನಿಮ್ಮ ಪೆನ್‌ಡ್ರೈವಿನಲ್ಲಿ ಅದು ಸ್ವಲ್ಪವೇ. ನಿಮ್ಮ ನಾಲ್ಕೂವರೆಯದ್ದು ಎಣಿಕೆಯ ವಿಷಯ."

ಆಮೇಲೆ ಅವರು ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹಿಂದೆ ನಮ್ಮಲ್ಲಿ ತೆಂಗಿನಕಾಯಿ ಕೊಳ್ಳಲು ಬರುವವರು ನೂರು ಎಂದರೆ ನೂರನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಮೇಲೆ ಎರಡೋ ಮೂರೋ ಹಾಕಿಸಿಕೊಂಡು ಅದನ್ನು ನೂರು ಎನ್ನುತ್ತಿದ್ದರು. ನನ್ನ ಅಜ್ಜ ಗೊಣಗುತ್ತಲೇ ಹಾಕುತ್ತಿದ್ದದ್ದು ನನಗೂ ನೆನಪಿದೆ. "ಕಂಪನಿಯವ ನಿಮ್ಮ ಹಾಗೆ. ಸಾವಿರ ಅಂದ್ರೆ ಸಾವಿರವೇ ಎಣಿಸಿ ಕೊಡುದು" ಎಂದರು ಹಮೀದಾಕ. "ಕಂಪ್ಯೂಟರ್ ಕಾಯಿ ವ್ಯಾಪಾರಿಯ ಹಾಗೆ. ಅದಕ್ಕೆ ಸಾವಿರ ಅಂದ್ರೆ ಸಾವಿರದ ಇಪ್ಪತ್ತನಾಲ್ಕು. ಮೇಲಿನ ಇಪ್ಪತ್ತನಾಲ್ಕು ಹಾಕದಿದ್ರೆ ಅದು ಸಾವಿರ ಅಂತ ಒಪ್ಪುದೇ ಇಲ್ಲ. ಅದೂ ಒಂದು ಸಲ ಅಲ್ಲ. ಕೆಬಿ ಆಗುವಾಗ ಒಮ್ಮೆ, ಎಂಬಿ ಆಗುವಾಗ ಒಮ್ಮೆ, ಜಿಬಿ ಆಗುವಾಗ ಇನ್ನೊಮ್ಮೆ. ಮೂರು ಕೈ ದಾಟುವಾಗ ನಿಮ್ಮ ಅರವತ್ತನಾಲ್ಕು ಐವತ್ತೊಂಬತ್ತೂವರೆ ಆಯ್ತು." ಹಾಗಾದರೆ ಹೋದದ್ದು ಎಲ್ಲಿಗೆ ಎಂದು ಕೇಳಿದೆ. "ಎಲ್ಲಿಗೂ ಹೋಗ್ಲಿಲ್ಲ ಸದಾಶಿವಣ್ಣ. ಕಾಯಿ ಅಷ್ಟೇ ಉಂಟು. ಎಣಿಸುವವ ಬೇರೆ."

ಅವರು ಹೋದ ಮೇಲೆ ಕಾಗದದಲ್ಲಿ ಲೆಕ್ಕ ಹಾಕಿ ನೋಡಿದೆ. ಸರಿಯಾಗಿ ಬಂತು. ಯಾರೂ ಮೋಸ ಮಾಡಿರಲಿಲ್ಲ. ಯಾರಾದರೂ ಮೋಸ ಮಾಡಿದ್ದರೆ ಎಷ್ಟು ಸಮಾಧಾನವಾಗುತ್ತಿತ್ತು! ಬೈಯಲು ಒಬ್ಬ ಸಿಗುತ್ತಿದ್ದ. ಎಲ್ಲರೂ ಸರಿಯಾಗಿದ್ದು ನಾವೊಬ್ಬರೇ ತಪ್ಪಾದಾಗ ಆಗುವ ಒಂಟಿತನ ದೊಡ್ಡದು.

ಇಷ್ಟಾದರೂ ಸರೋಜಳಿಗೆ ನಾನೇನೂ ಹೇಳಿರಲಿಲ್ಲ. ಅಡಿಕೆ ಸುಲಿಯುವ ಗಡಿಬಿಡಿಯಲ್ಲಿ ವಿಡಿಯೋ ನೋಡಲು ಅವಳಿಗೆ ಪುರುಸೊತ್ತಾಗಿದ್ದು ಬಹಳ ದಿನಗಳ ನಂತರ. ಪೆನ್‌ಡ್ರೈವನ್ನು ಟಿವಿಗೆ ಚುಚ್ಚಿ ಇಬ್ಬರೂ ಕುಳಿತೆವು. ಧಾರೆಯಲ್ಲಿ ಅವಳು ಅತ್ತಳು. ಮೊದಲ ಪಂಕ್ತಿಯಲ್ಲಿ ಬೀಗರ ಸೀರೆಗಳನ್ನು ನೋಡಿದಳು. ಎರಡನೆಯದರಲ್ಲಿ ಕಂಬದ ಚಿಕ್ಕಪ್ಪ ಈ ಸಲ ಪೂರ್ತಿಯಾಗಿ, ಹಲ್ಲು ಸಮೇತ ಬಂದಿದ್ದರು. ನಾನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಆಮೇಲೆ ಮಗಳು ಕಾರು ಹತ್ತಿ ಹೋದಳು, ವಿಡಿಯೋ ಮುಗಿಯಿತು. ಸರೋಜ ರಿಮೋಟ್ ಹಿಡಿದುಕೊಂಡು ಹಾಗೆಯೇ ಕುಳಿತಿದ್ದಳು.

"ನನ್ನ ಕಡೆಯವರು ಎಲ್ಲಿ?" ಎಂದು ಕೇಳಿದಳು.

ಸರೋಜಳ ತವರು ಗುಂಡ್ಯದ ಹತ್ತಿರ. ಅವಳ ಅಣ್ಣ, ಅಂದರೆ ನನ್ನ ನಾರಾಯಣ ಭಾವ, ಮದುವೆಯ ಹಿಂದಿನ ದಿನವೇ ಮನೆಯವರೆಲ್ಲರನ್ನೂ ಕರೆದುಕೊಂಡು ಬಂದು ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಸೊಂಟಕ್ಕೆ ಕಟ್ಟಿದವರು, ಬಿಚ್ಚಿದ್ದು ಮದುವೆ ಮುಗಿದ ಮೇಲೆ. ಎರಡು ಪಂಕ್ತಿಗೂ ಸಾಂಬಾರು ಬಡಿಸಿದ್ದು ಅವರು, ವಿಡಿಯೋದಲ್ಲಿ ಬಂದದ್ದು ಬಕೆಟ್ ಮತ್ತು ಕೈ ಮಾತ್ರ. ಅತ್ತಿಗೆ ತರಕಾರಿ ಹೆಚ್ಚುವಲ್ಲಿ, ಅವರ ಸೊಸೆಯಂದಿರು ಒಳಗೆ. ಕ್ಯಾಮೆರಾ ಇದ್ದಲ್ಲಿ ಅವರಿರಲಿಲ್ಲ, ಕೆಲಸ ಇದ್ದಲ್ಲಿ ಇದ್ದರು. ಅವರೆಲ್ಲ ಕ್ಯಾಮೆರಾದ ಮುಂದೆ ಕುಳಿತದ್ದು ಒಂದೇ ಸಲ, ಮೂರನೇ ಪಂಕ್ತಿಯಲ್ಲಿ. ನನ್ನ ಕಡೆಯ ಕುಂಬಳಕಾಯಿಯ ಹಾಗೆ ಕೂತಲ್ಲೇ ಕೂತಿದ್ದ ನೆಂಟರೆಲ್ಲ ಎರಡೆರಡು ಸಲ ಬಂದಿದ್ದರು. ಅರವತ್ತು ಜಿಬಿಯನ್ನು ಪೂರ್ತಿ ನೋಡಿದವನಿಗೆ ಮದುಮಗಳಿಗೆ ಸೋದರಮಾವನೇ ಇಲ್ಲ ಎನ್ನಿಸುವಂತಿತ್ತು. ಧಾರೆಯ ಹೊತ್ತಿನಲ್ಲಿಯೂ ಅವರು ಅನ್ನ ಬಸಿಯುವಲ್ಲಿ ನಿಂತಿದ್ದರಂತೆ.

ನಾನು ಸತ್ಯ ಹೇಳಿದೆ. ಸರೋಜ ಬೈದಿದ್ದರೆ ಆಗುತ್ತಿತ್ತು. "ಆಯ್ತು ಬಿಡಿ" ಎಂದಳು, ಅಷ್ಟೇ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಆ 'ಆಯ್ತು ಬಿಡಿ'ಯ ತೂಕ ಗೊತ್ತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಹೇಳಿದಳು: "ಆದಿತ್ಯವಾರ ಅಣ್ಣ ಅವರೆಲ್ಲ ಬರ್ತಾರೆ. ವಿಡಿಯೋ ನೋಡ್ಲಿಕ್ಕೆ ಅಂತಲೇ ಬರುದು. ನಾನೇ ಕರೆದದ್ದು." ನಾನು ಕ್ಯಾಲೆಂಡರ್ ನೋಡಿದೆ. ಅಂದು ಗುರುವಾರ. ಶಶಿಕಲಾ ಹೇಳಿದ ತಿಂಗಳು ಮುಗಿದು ನಾಲ್ಕು ದಿನವಾಗಿತ್ತು.

ಮರುದಿನ ಕೆಲಸಕ್ಕೆ ರಜೆ ಹಾಕಿದೆ. ಹಮೀದಾಕನ ಅಂಗಡಿ ಬಾಗಿಲು ತೆರೆಯುವಾಗಲೇ ನಿಂತಿದ್ದೆ. ನೂರ ಇಪ್ಪತ್ತೆಂಟರದ್ದು ಕೊಡಿ ಎಂದೆ. ಅವರು ಏನೂ ಕೇಳದೆ ಕೊಟ್ಟರು. ನನ್ನ ಮುಖದಲ್ಲಿ ಎಲ್ಲವೂ ಬರೆದಿತ್ತೆಂದು ಕಾಣುತ್ತದೆ. ಇದರಲ್ಲಿ ಎಷ್ಟು ಹಿಡಿಸುತ್ತದೆ ಎಂದು ನಾನೂ ಕೇಳಲಿಲ್ಲ. ಪುತ್ತೂರಿನ ಬಸ್ಸಿನಲ್ಲಿ ಕುಳಿತು ನಾನು ಬೇಡಿಕೊಂಡದ್ದು ಇಷ್ಟೇ: ಶಶಿಕಲಾ ಸ್ವಲ್ಪ ಸೋಮಾರಿಯಾಗಿರಲಿ. ಜೀವಮಾನವಿಡೀ ಚುರುಕಿನವರನ್ನು ಹೊಗಳಿದವ ನಾನು. ಅವತ್ತು ಒಬ್ಬ ಹೆಂಗಸಿನ ಸೋಮಾರಿತನದ ಮೇಲೆ ನನ್ನ ಸಂಸಾರ ನಿಂತಿತ್ತು.

ಸ್ಟುಡಿಯೋದಲ್ಲಿ ಶಶಿಕಲಾ ಬೇರೊಂದು ಮದುವೆಯ ಊಟವನ್ನು ಕತ್ತರಿಸುತ್ತಿದ್ದರು. ನನ್ನನ್ನು ನೋಡಿ, "ಊಟ ಮೂರಾ ಅಣ್ಣಾ?" ಎಂದರು. ಹೌದೆಂದು ತಲೆಯಾಡಿಸಿದೆ. "ಉಂಟು. ಮದುವೆದೆಲ್ಲ ಅಳಿಸಿದೆ, ಅದೊಂದನ್ನು ಇಟ್ಟೆ. ಕಡೆಯ ಪಂಕ್ತಿ ಬೇಡ ಅಂತ ಹೇಳಿದವರು ಎಲ್ಲರೂ ಒಂದು ದಿನ ಓಡಿಕೊಂಡು ಬರ್ತಾರೆ. ನೀವು ಸ್ವಲ್ಪ ತಡ ಮಾಡಿದ್ರಿ, ಅಷ್ಟೇ." ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ವಯಸ್ಸಿನಲ್ಲಿ ಕಿರಿಯವರು, ಆದ್ದರಿಂದ ಒಂದು ಗೊನೆ ಕದಳಿ ಬಾಳೆಹಣ್ಣು ತಂದುಕೊಡುತ್ತೇನೆ ಎಂದು ಹೇಳಿ ಬಂದೆ. ತಂದೂ ಕೊಟ್ಟೆ.

ಆದಿತ್ಯವಾರ ಬೆಳಗ್ಗೆ ಭಾವ, ಅತ್ತಿಗೆ ಮತ್ತು ಮನೆಯವರೆಲ್ಲ ಜೀಪಿನಲ್ಲಿ ಬಂದಿಳಿದರು. ಧಾರೆ, ಸ್ಟೇಜ್, ಮೊದಲೆರಡು ಪಂಕ್ತಿಗಳನ್ನು ಅವರು ಬಹಳ ತಾಳ್ಮೆಯಿಂದ ನೋಡಿದರು. ಆಮೇಲೆ ಮೂರನೆಯದು ಬಂತು. ಚಾವಡಿಯೇ ಎದ್ದು ನಿಂತ ಹಾಗಾಯಿತು. "ಓ ಅಪ್ಪ!" "ಅಮ್ಮನನ್ನು ನೋಡಿ, ಹಪ್ಪಳ ಅಡಗಿಸಿದ್ದು!" ಭಾವ ಬೈರಾಸಿನಲ್ಲಿ ಬೆವರು ಒರೆಸಿಕೊಂಡು ಕ್ಯಾಮೆರಾಕ್ಕೆ ಕೈಮುಗಿಯುತ್ತಿದ್ದರು, ಇಲ್ಲಿ ಚಾವಡಿಯಲ್ಲಿ ಕುಳಿತ ಭಾವ ಅದನ್ನು ನೋಡಿ ಮತ್ತೊಮ್ಮೆ ಕೈಮುಗಿದರು. ಸರೋಜಳ ಮುಖ ಬೆಳಗುತ್ತಿತ್ತು. ನಾನು ಬಾಗಿಲಿಗೊರಗಿ ನಿಂತು, ಈ ಮನೆಯಲ್ಲಿ ಇನ್ನು ಕೆಲವು ವರ್ಷ ತಲೆಯೆತ್ತಿ ಓಡಾಡಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಆಗ ಕ್ಯಾಮೆರಾ ಸರೋಜಳ ಮುಂದೆ ಬಂತು. ಅವಳ ಪಕ್ಕದಲ್ಲಿ ಒಂದು ಎಲೆ. ಉಪ್ಪು, ಉಪ್ಪಿನಕಾಯಿ, ಪಲ್ಯ ಬಡಿಸಿಯಾಗಿದೆ, ಕುರ್ಚಿ ಖಾಲಿ. ಕ್ಯಾಮೆರಾ ಮುಂದೆ ಹೋಗಿ ತಿರುಗಿ ಬಂದಾಗ ಆ ಎಲೆಗೆ ಅನ್ನವೂ ಸಾರೂ ಬಿದ್ದಿತ್ತು. ಮೂರನೆಯ ಸಲ ಬಂದಾಗ ಹೋಳಿಗೆಯೂ ಬಂದಿತ್ತು. ಸರೋಜ ಒಂದು ಕೈಯಿಂದ ಅದರ ಮೇಲಿನ ನೊಣ ಓಡಿಸುತ್ತಾ ಬಾಗಿಲಿನ ಕಡೆ ನೋಡುತ್ತಿದ್ದಳು. ಅವಳ ಎಲೆಯಲ್ಲಿಯೂ ಬಡಿಸಿದ್ದು ಬಡಿಸಿದಂತೆಯೇ ಇತ್ತು. ಉಳಿದವರ ಊಟ ಆಗಲೇ ಮಜ್ಜಿಗೆಗೆ ಬಂದಿತ್ತು.

ನಾನೆಲ್ಲಿದ್ದೆ? ಶಾಮಿಯಾನದವನ ಜೊತೆ ಹೊರಗೆ ಕುರ್ಚಿ ಎಣಿಸುತ್ತಿದ್ದೆ. ಎರಡು ಕುರ್ಚಿ ಕಡಿಮೆ ಬಂದಿತ್ತು. ಮೂರು ಸಲ ಎಣಿಸಿದ ಮೇಲೆ ಅವು ಸ್ಟೇಜಿನ ಹಿಂದೆ ಸಿಕ್ಕಿದವು. ಆಮೇಲೆ ಅಡುಗೆಯ ಕೊಟ್ಟಿಗೆಯಲ್ಲಿ ನಿಂತುಕೊಂಡೇ ಒಂದಿಷ್ಟು ಉಂಡದ್ದು ನನಗೆ ನೆನಪಿದೆ. ಸರೋಜ ಆ ದಿನ ಉಂಡಳೋ ಇಲ್ಲವೋ ನಾನು ಕೇಳಿರಲಿಲ್ಲ.

"ಇದರಲ್ಲಿ ಭಾವ ಎಲ್ಲಿ, ಕಾಣುದಿಲ್ಲ?" ಎಂದು ನನ್ನನ್ನು ಹುಡುಕಿದರು ನಾರಾಯಣ ಭಾವ. ಸರೋಜ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಓ, ಇದಕ್ಕಾ ನೀವು ಈ ಪಂಕ್ತಿಯನ್ನೇ ತೆಗೆಸಿದ್ದು?"

ಅಲ್ಲ ಎಂದೆ. ದೇವರಾಣೆಗೂ ಅಲ್ಲ ಎಂದೆ. ಸಾವಿರ ಎಂದರೆ ಸಾವಿರದ ಇಪ್ಪತ್ತನಾಲ್ಕು, ಕಂಪನಿಯ ಎಣಿಕೆ ಬೇರೆ ಕಂಪ್ಯೂಟರಿನ ಎಣಿಕೆ ಬೇರೆ, ಮೂರು ಕೈ ದಾಟುವಾಗ ನಾಲ್ಕೂವರೆ ಹೋಗುತ್ತದೆ ಎಂದು ತೆಂಗಿನಕಾಯಿ ಸಮೇತ ವಿವರಿಸಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಹೆಂಡತಿಯ ಕೈಗೆ ಸಿಕ್ಕಿಬಿದ್ದ ಗಂಡ ಏನೆಲ್ಲ ಹೇಳುತ್ತಾನೆ ಎಂಬುದು ಅವರಿಗೂ ಗೊತ್ತಿದ್ದ ವಿಷಯ. ಭಾವ ಮಾತ್ರ ನನ್ನ ಮೇಲಿನ ಪ್ರೀತಿಯಿಂದ, "ಇರಬಹುದು, ಇರಬಹುದು" ಎಂದರು. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ನನ್ನ ಲೆಕ್ಕ ಪೂರ್ತಿ ಸರಿ ಇತ್ತು, ಮತ್ತು ಜೀವಮಾನದಲ್ಲಿ ಮೊದಲ ಬಾರಿಗೆ ಅದನ್ನು ನಂಬುವವರು ಒಬ್ಬರೂ ಇರಲಿಲ್ಲ.

ಊಟಕ್ಕೆ ಎಲೆ ಹಾಕಿಯಾಗಿತ್ತು. ಬಂದವರಿಗೆ ಬಡಿಸೋಣವೆಂದು ನಾನು ಸಾಂಬಾರಿನ ಬಕೆಟ್ಟಿಗೆ ಕೈಹಾಕಿದೆ. ಸರೋಜ ಅದನ್ನು ನನ್ನ ಕೈಯಿಂದ ತೆಗೆದಳು. "ಇವತ್ತು ನೀವು ಕೂತ್ಕೊಳ್ಳಿ. ನಾನೂ ಕೂತ್ಕೊಳ್ತೇನೆ" ಎಂದಳು. ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅತಿಥಿಗಳಿಗಿಂತ ಮೊದಲೇ, ಸ್ವಂತ ಮನೆಯಲ್ಲಿ, ನಾನು ಅವಳ ಪಕ್ಕ ಕುಳಿತೆ. ನಾರಾಯಣ ಭಾವ ನಗುತ್ತಾ ಸೊಂಟಕ್ಕೆ ಬೈರಾಸು ಕಟ್ಟಿ ಬಕೆಟ್ ಎತ್ತಿದರು. "ಎಷ್ಟು ಹಾಕ್ಲಿ ಭಾವ?" ಎಂದು ಕೇಳಿದರು. ಅಳತೆ ಹೇಳುವ ಧೈರ್ಯ ನನಗಾಗಲಿಲ್ಲ. ಸುಮ್ಮನೆ ಎಲೆಯನ್ನು ಮುಂದಕ್ಕೆ ಸರಿಸಿದೆ.